ಆಸ್ಟ್ರೇಲಿಯಾ ಅಲ್ಲವಾದರೆ, ಕ್ಯಾಪ್ಟನ್ ಕುಕ್ ಕಂಡುಹಿಡಿದದ್ದು ಏನನ್ನು?

ಶಾಲಾ ಶಿಕ್ಷಕ (ಚರ್ಚೆಯ ಆರಂಭ)

ಸದಸ್ಯರಿಗೆಲ್ಲ ನಮಸ್ಕಾರ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು ಆಮೇಲೆ ಪ್ರಶ್ನೆಗೆ ಬರುತ್ತೇನೆ. ಹೋದ ತಿಂಗಳು ನಮ್ಮ ಹೋಬಳಿ ಮಟ್ಟದ ರಸಪ್ರಶ್ನೆ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ‘ಆಸ್ಟ್ರೇಲಿಯಾವನ್ನು ಕಂಡುಹಿಡಿದ ಯುರೋಪಿನ ನಾವಿಕ ಯಾರು’ ಎಂಬ ಪ್ರಶ್ನೆಗೆ ಎಂಟನೆಯ ತರಗತಿಯ ಹುಡುಗನೊಬ್ಬ ‘ವಿಲ್ಲೆಮ್ ಯಾನ್ಸೂನ್, 1606’ ಎಂದ. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ‘ಜೇಮ್ಸ್ ಕುಕ್, 1770’ ಎಂದಿತ್ತು. ಆ ಚೀಟಿಯನ್ನು ಬರೆದವನೂ ನಾನೇ. ಉತ್ತರ ತಪ್ಪೆಂದು ಹೇಳಿ ಪ್ರಶ್ನೆಯನ್ನು ಪಕ್ಕದ ತಂಡಕ್ಕೆ ದಾಟಿಸಿದೆ. ಅವರು ಕುಕ್ ಎಂದರು, ಅಂಕ ಪಡೆದರು, ಎರಡೇ ಅಂಕಗಳ ಅಂತರದಲ್ಲಿ ಬಹುಮಾನವನ್ನೂ ಪಡೆದರು. ರಾತ್ರಿ ಮನೆಗೆ ಬಂದು ಪುಸ್ತಕ ತೆರೆದು ನೋಡಿದರೆ ಹುಡುಗ ಹೇಳಿದ್ದೇ ಸರಿಯಾಗಿತ್ತು. ಡಚ್ಚರ ಪುಟ್ಟ ಹಡಗೊಂದು 1606ರಲ್ಲಿಯೇ ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಪಶ್ಚಿಮ ದಂಡೆಯನ್ನು ಮುಟ್ಟಿತ್ತು; 1642ರಲ್ಲಿ ಅಬೆಲ್ ಟಾಸ್ಮನ್ ಇಂದಿನ ಟಾಸ್ಮೇನಿಯಾವನ್ನೂ ನ್ಯೂಜಿಲೆಂಡನ್ನೂ ಕಂಡಿದ್ದ. ಆ ನೆಲದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಬದುಕುತ್ತಿದ್ದವರ ಮಾತಂತೂ ನನ್ನ ಪ್ರಶ್ನೆಯೊಳಗೆ ಬಂದೇ ಇರಲಿಲ್ಲ.

ಈಗ ನನ್ನನ್ನು ಕಾಡುತ್ತಿರುವುದು ಬೇರೆಯೇ ಪ್ರಶ್ನೆ. ಆಸ್ಟ್ರೇಲಿಯಾ ಕುಕ್‌ನದಲ್ಲ, ನ್ಯೂಜಿಲೆಂಡ್ ಕುಕ್‌ನದಲ್ಲ, ಪೆಸಿಫಿಕ್ ಸಾಗರದ ಟಹೀಟಿ ದ್ವೀಪಕ್ಕೆ ಅವನಿಗಿಂತ ಮೊದಲೇ 1767ರಲ್ಲಿ ಸ್ಯಾಮ್ಯುಯೆಲ್ ವಾಲಿಸ್ ಹೋಗಿದ್ದ. ಹಾಗಿದ್ದರೆ 1768ರಿಂದ 1779ರವರೆಗೆ ಮೂರು ಮಹಾಯಾನಗಳನ್ನು ಮಾಡಿದ ಈ ಮನುಷ್ಯನ ಖಾತೆಗೆ ನಾವು ಜಮೆ ಮಾಡಬೇಕಾದದ್ದು ಏನನ್ನು? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ನಾವಿಕ, ಮಂಗಳೂರು

ಮೇಷ್ಟ್ರೇ, ಚೀಟಿಯಲ್ಲಿ ತಪ್ಪು ಬರೆದದ್ದನ್ನು ಹೀಗೆ ಎಲ್ಲರೆದುರು ಒಪ್ಪಿಕೊಳ್ಳುವ ತೀರ್ಪುಗಾರರು ಅಪರೂಪ. ನಾನು ಸರಕು ಹಡಗುಗಳಲ್ಲಿ ಬದುಕು ಸವೆಸಿದವನಾದ್ದರಿಂದ ಕುಕ್‌ನನ್ನು ದಡದ ಕಡೆಯಿಂದ ನೋಡದೆ ಹಡಗಿನ ಕಡೆಯಿಂದ ನೋಡುತ್ತೇನೆ, ಈ ಪಕ್ಷಪಾತವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1728ರಲ್ಲಿ ಯಾರ್ಕ್‌ಷೈರಿನ ಮಾರ್ಟನ್ ಎಂಬ ಹಳ್ಳಿಯಲ್ಲಿ ಹೊಲದ ಕೂಲಿಯೊಬ್ಬನ ಮಗನಾಗಿ ಹುಟ್ಟಿದವನು ಆತ. ತಂದೆ ದುಡಿಯುತ್ತಿದ್ದ ಜಮೀನಿನ ಒಡೆಯನೇ ಶಾಲೆಯ ಖರ್ಚನ್ನು ಕೊಟ್ಟ. ಹದಿನಾರರ ಸುಮಾರಿಗೆ ಸ್ಟೇತ್ಸ್ ಎಂಬ ಮೀನುಗಾರರ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಬಟ್ಟೆ ಅಳೆಯುವುದು, ಸಾಮಾನು ಕಟ್ಟಿಕೊಡುವುದು ಒಂದೂವರೆ ವರ್ಷಕ್ಕೇ ಸಾಕಾಗಿ, ವಿಟ್ಬಿ ಬಂದರಿನಲ್ಲಿ ಕಲ್ಲಿದ್ದಲು ಸಾಗಿಸುವ ಹಡಗುಗಳ ಮಾಲೀಕ ಜಾನ್ ವಾಕರ್ ಎಂಬವನ ಬಳಿ ಕಲಿಕೆಯ ಹುಡುಗನಾಗಿ ಹೋದ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕಲ್ಲಿದ್ದಲು ಹೇರಿಕೊಂಡು ಲಂಡನ್ನಿಗೆ ಹೋಗಿಬರುವುದೆಂದರೆ ಕೆಟ್ಟ ಹವೆ, ಜಾರುವ ಮರಳುದಿಬ್ಬ, ಬಲವಾದ ಉಬ್ಬರವಿಳಿತ ಎಲ್ಲವೂ ಒಟ್ಟಿಗೆ ಬರುವ ದಾರಿ. ಅಂಥ ದಾರಿಯಲ್ಲಿ ಒಂಬತ್ತು ವರ್ಷ ಪಳಗಿದ ಮೇಲೆ, 1755ರಲ್ಲಿ ಮಾಲೀಕನು ಒಂದು ಹಡಗಿನ ನಾಯಕತ್ವವನ್ನೇ ಕೊಡುತ್ತೇನೆಂದಾಗ, ಅದನ್ನು ಬಿಟ್ಟು ರಾಜನ ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದ. ಇಪ್ಪತ್ತಾರು ವರ್ಷದವನು ಕೈಗೆ ಬಂದ ಯಜಮಾನಿಕೆಯನ್ನು ಬಿಟ್ಟು ಕೆಳಗಿನ ಮೆಟ್ಟಿಲಿನಿಂದ ಮತ್ತೆ ಏರಲು ಹೊರಟದ್ದು ಏಕೆಂದು ಅವನು ಎಲ್ಲಿಯೂ ವಿವರಿಸಲಿಲ್ಲ.

ಅವನನ್ನು ಅವನನ್ನಾಗಿ ಮಾಡಿದ್ದು ಕೆನಡಾ. 1758ರಲ್ಲಿ ಅಲ್ಲಿದ್ದ ಫ್ರೆಂಚರ ಲೂಯಿಬರ್ಗ್ ಕೋಟೆ ಬಿದ್ದ ಮರುದಿನ, ಸೇನೆಯ ಮೋಜಣಿದಾರ ಸ್ಯಾಮ್ಯುಯೆಲ್ ಹಾಲೆಂಡ್ ದಡದಲ್ಲಿ ಸಣ್ಣ ಮೇಜನ್ನು ಇಟ್ಟುಕೊಂಡು ನಕಾಶೆ ಬರೆಯುತ್ತಿದ್ದುದನ್ನು ಕುಕ್ ಕಂಡ. ತನಗೂ ಕಲಿಸಿಕೊಡಬೇಕೆಂದು ಕೇಳಿದ. ಮರುವರ್ಷ ಕ್ವಿಬೆಕ್ ಮೇಲೆ ದಾಳಿ ಮಾಡಲು ಸೇಂಟ್ ಲಾರೆನ್ಸ್ ನದಿಯಲ್ಲಿ ಹಡಗುಗಳ ಸಾಲು ಮೇಲೇರಿದಾಗ, ಆಳ ನೋಡಿ ದಾರಿ ಗುರುತಿಸಿದ ತಂಡದಲ್ಲಿ ಅವನಿದ್ದ. 1763ರಿಂದ 1767ರವರೆಗೆ ನ್ಯೂಫೌಂಡ್‌ಲ್ಯಾಂಡಿನ ದಂಡೆಯನ್ನು ಬೇಸಗೆಯಲ್ಲಿ ಅಳೆಯುವುದು, ಚಳಿಗಾಲದಲ್ಲಿ ಲಂಡನ್ನಿನ ಮನೆಯಲ್ಲಿ ಕುಳಿತು ಅಚ್ಚಿಗೆ ಸಿದ್ಧಪಡಿಸುವುದು, ಇದೇ ಅವನ ಕಾಯಕವಾಗಿತ್ತು. ಈ ಕೆಲಸದ ನಡುವೆ 1764ರಲ್ಲಿ ಕೋವಿಮದ್ದು ತುಂಬಿದ ಕೊಂಬು ಕೈಯಲ್ಲೇ ಸಿಡಿದು ಬಲಗೈ ಸೀಳಿಹೋಯಿತು. ಆ ಗಾಯದ ಕಲೆಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಚರ್ಚೆ ಹವಾಯಿಗೆ ತಲುಪಿದಾಗ ಅದು ಬೇಕಾಗುತ್ತದೆ.

1768ರ ಯಾನಕ್ಕೆ ಆರಿಸಿದ ಹಡಗು ಕೂಡ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲು ಹಡಗೇ. 368 ಟನ್ನಿನ ಆ ಹಡಗಿಗೆ ಎಂಡೆವರ್ ಎಂಬ ಹೊಸ ಹೆಸರಿಟ್ಟರು. ನೋಡಲು ದಡೂತಿ, ಓಟದಲ್ಲಿ ನಿಧಾನ, ಆದರೆ ತಳ ಚಪ್ಪಟೆ. ಚಪ್ಪಟೆ ತಳದ ಹಡಗನ್ನು ನದೀಮುಖದ ಮರಳಿನ ಮೇಲೆ ಹತ್ತಿಸಿ ದುರಸ್ತಿ ಮಾಡಬಹುದು, ತೆಳುನೀರಿನಲ್ಲಿಯೂ ದಂಡೆಗೆ ಸಮೀಪ ಸಾಗಬಹುದು. ಅದರಲ್ಲಿ 94 ಜನ ಹೊರಟರು. ಅಂದದ ಯುದ್ಧನೌಕೆಯೊಂದನ್ನು ಕೊಟ್ಟು ಕಳಿಸಿದ್ದರೆ ಅದು ಮೇಷ್ಟ್ರು ಹೇಳಿದ 1770ನೆಯ ಇಸವಿಯಲ್ಲಿಯೇ ಹವಳದ ಬಂಡೆಯ ಮೇಲೆ ಮುಗಿದುಹೋಗುತ್ತಿತ್ತೆಂಬುದು ನನ್ನ ಅಭಿಪ್ರಾಯ.

ಶಾಲಾ ಶಿಕ್ಷಕ

ಆ ಬಂಡೆಯ ಪ್ರಸಂಗವನ್ನು ದಯವಿಟ್ಟು ಪೂರ್ತಿ ಹೇಳಿ ಸರ್.

ನಿವೃತ್ತ ನಾವಿಕ, ಮಂಗಳೂರು

1770ರ ಜೂನ್ 11ರ ರಾತ್ರಿ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿ. ಬೆಳದಿಂಗಳಿತ್ತು, ಕಡಲು ಶಾಂತವಾಗಿತ್ತು. ಅಂಚಿನಲ್ಲಿ ನಿಂತವನೊಬ್ಬ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಎಸೆದು ಆಳ ಕೂಗುತ್ತಿದ್ದ. ಗುಂಡಿನ ಬುಡದ ಕುಳಿಯಲ್ಲಿ ಕೊಬ್ಬು ತುಂಬಿರುತ್ತದೆ. ತಳದ ಮರಳೋ ಕೆಸರೋ ಅದಕ್ಕೆ ಅಂಟಿ ಬರುತ್ತದೆ. ನಾವು ‘ಮಾರು’ ಎನ್ನುವ ಅಳತೆಯಲ್ಲಿಯೇ, ಎಂದರೆ ಎರಡೂ ಕೈ ಚಾಚಿದಷ್ಟು ಉದ್ದದ ಲೆಕ್ಕದಲ್ಲಿಯೇ, ಅವರೂ ಆಳವನ್ನು ಎಣಿಸುತ್ತಿದ್ದರು. ಹನ್ನೊಂದು ಗಂಟೆಗೆ ಸ್ವಲ್ಪ ಮೊದಲು 17 ಮಾರು ಎಂದು ಕೂಗಿದವನು ಹಗ್ಗವನ್ನು ಎಳೆದುಕೊಂಡು ಮತ್ತೊಮ್ಮೆ ಎಸೆಯುವಷ್ಟರಲ್ಲಿ ಹಡಗು ಹವಳದ ಬಂಡೆಯ ಮೇಲೆ ಕೂತುಬಿಟ್ಟಿತ್ತು. ಹವಳದ ಗೋಡೆ ನೀರಿನೊಳಗಿಂದ ನೆಟ್ಟಗೆ ಏಳುವುದರಿಂದ ಆಳ ಕ್ರಮೇಣ ಕಡಿಮೆಯಾಗುವ ಮುನ್ಸೂಚನೆಯೇ ಅಲ್ಲಿ ಸಿಗುವುದಿಲ್ಲ.

ಅದೂ ಉಬ್ಬರದ ತುದಿಯಲ್ಲಿ ಕೂತದ್ದು, ಎಂದರೆ ನೀರು ಇನ್ನು ಇಳಿಯುವುದೇ ಹೊರತು ಏರುವುದಿಲ್ಲ. ಆರು ಫಿರಂಗಿ, ಕಬ್ಬಿಣದ ತೂಕದ ಗಟ್ಟಿ, ಪೀಪಾಯಿ, ಹಾಳಾದ ದಾಸ್ತಾನು ಎಲ್ಲವನ್ನೂ ಕಡಲಿಗೆ ಎಸೆದರು. ಸುಮಾರು 23 ಗಂಟೆಗಳ ನಂತರದ ರಾತ್ರಿಯ ಉಬ್ಬರದಲ್ಲಿ ಹಡಗು ತೇಲಿತು, ತೇಲಿದ ಕೂಡಲೇ ನೀರು ಒಳಗೆ ನುಗ್ಗಿತು. ಆಗ ಮಂಕ್‌ಹೌಸ್ ಎಂಬ ತರುಣನು ತಾನು ಹಿಂದೊಮ್ಮೆ ಕಂಡಿದ್ದ ಉಪಾಯವನ್ನು ಹೇಳಿದ. ಹಳೆಯ ಹಾಯಿಯೊಂದಕ್ಕೆ ಹಗ್ಗದ ನಾರು ಮತ್ತು ಉಣ್ಣೆಯ ಚೂರುಗಳನ್ನು ಹೊಲಿದು, ಮೇಲೆ ಕುರಿಹಿಕ್ಕೆಯಂಥ ಸಗಣಿಯನ್ನು ಮೆತ್ತಿ, ಆ ಹಾಯಿಯನ್ನು ಹಡಗಿನ ಹೊಟ್ಟೆಯ ಕೆಳಗಿನಿಂದ ಎಳೆದರು. ಒಳಗೆ ನುಗ್ಗುವ ನೀರಿನ ಒತ್ತಡವೇ ಅದನ್ನು ತೂತಿಗೆ ಎಳೆದು ಅಂಟಿಸಿತು. ಇಂದಿನ ಕುಕ್‌ಟೌನಿನ ನದೀಮುಖದಲ್ಲಿ ಹಡಗನ್ನು ದಡಕ್ಕೆ ಹತ್ತಿಸಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು: ಒಡೆದ ಹವಳದ ತುಂಡೊಂದು ದೊಡ್ಡ ತೂತಿನಲ್ಲಿ ಬಿರಡೆಯಂತೆ ಸಿಕ್ಕಿಕೊಂಡು ಅವರ ಜೀವ ಉಳಿಸಿತ್ತು. ಅಂದು ಎಸೆದ ಆರೂ ಫಿರಂಗಿಗಳನ್ನು 1969ರಲ್ಲಿ ಮೇಲೆತ್ತಿದರು.

ಸಿಡ್ನಿಯ ಕನ್ನಡಿಗ

ನಾವಿಕರ ಬರಹವನ್ನು ಉಸಿರು ಬಿಗಿಹಿಡಿದು ಓದಿದೆ. ಆದರೆ ಅವರು ಹಡಗಿನಿಂದ ನೋಡಿದ ದಡದ ಮೇಲೆ ನಾನು ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇನೆ. ಆದ್ದರಿಂದ ಆ ಕಡೆಯ ಮಾತನ್ನೂ ಸೇರಿಸುವುದು ನನ್ನ ಪಾಲಿಗೆ ಬಂದಿದೆ.

ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಬಾಟನಿ ಕೊಲ್ಲಿಯ ಕರ್ನೆಲ್ ಎಂಬ ಜಾಗವಿದೆ. ಊರಿನಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ತಗ್ಗಾದ ಬಂಡೆಗಳು, ಸಣ್ಣ ಅಲೆ, ಒಂದು ಸ್ಮಾರಕ ಸ್ತಂಭ, ಅಷ್ಟೆ. 1770ರ ಏಪ್ರಿಲ್ 29ರಂದು ಕುಕ್‌ನ ದೋಣಿಗಳು ಅಲ್ಲಿಗೆ ಬಂದಾಗ ಅಲ್ಲಿನ ಮೂಲನಿವಾಸಿಗಳಾದ ಗ್ವಿಯಗಲ್ ಜನರ ಇಬ್ಬರು ಗಂಡಸರು ಮಾತ್ರ ಈಟಿಗಳನ್ನು ಹಿಡಿದು ಎದುರು ನಿಂತರು. ಮೂವತ್ತು ನಲವತ್ತು ಜನ ತುಂಬಿದ ದೋಣಿಗಳಿಗೆ ಎದುರಾಗಿ ಇಬ್ಬರು. ಮೊಳೆ, ಮಣಿಗಳನ್ನು ಎಸೆದರೂ ಅವರು ಹಿಂಜರಿಯಲಿಲ್ಲ. ಕುಕ್ ಗುಂಡು ಹಾರಿಸಿದ, ಒಬ್ಬನಿಗೆ ಗಾಯವಾಯಿತು, ಆತ ಓಡಿಹೋಗಿ ಗುರಾಣಿಯೊಂದನ್ನು ತಂದು ಮತ್ತೆ ಎದುರು ನಿಂತ. ಗುಡಿಸಲುಗಳಲ್ಲಿ ಸಿಕ್ಕ ಈಟಿಗಳನ್ನೆಲ್ಲ ಹಡಗಿಗೆ ಹೊತ್ತರು. ಅವುಗಳಲ್ಲಿ ಉಳಿದಿದ್ದ ನಾಲ್ಕನ್ನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು 2024ರಲ್ಲಿ ಇಲ್ಲಿನ ಮೂಲನಿವಾಸಿ ಸಮುದಾಯಕ್ಕೆ ಮರಳಿಸಿತು, ಎರಡೂವರೆ ಶತಮಾನಗಳ ಮೇಲೆ.

ಕುಕ್‌ಗೆ ನೌಕಾಖಾತೆ ಕೊಟ್ಟಿದ್ದ ಗುಟ್ಟಿನ ಆದೇಶದಲ್ಲಿ ಒಂದು ಷರತ್ತಿತ್ತು: ಜನವಸತಿ ಇರುವ ನಾಡು ಸಿಕ್ಕರೆ, ಅಲ್ಲಿಯವರ ಒಪ್ಪಿಗೆ ಪಡೆದು ಅನುಕೂಲವಾದ ಸ್ಥಳಗಳನ್ನು ರಾಜನ ಹೆಸರಿನಲ್ಲಿ ವಶಕ್ಕೆ ತೆಗೆದುಕೊಳ್ಳಬೇಕು. ಆತ 1770ರ ಆಗಸ್ಟ್ 22ರಂದು ಉತ್ತರದ ತುದಿಯ ಒಂದು ಸಣ್ಣ ದ್ವೀಪದ ಮೇಲೆ ಬಾವುಟ ನೆಟ್ಟು ಇಡೀ ಪೂರ್ವ ಕರಾವಳಿಯನ್ನು ರಾಜನದೆಂದು ಘೋಷಿಸಿದ. ಒಪ್ಪಿಗೆಯನ್ನು ಯಾರಿಂದ ಪಡೆದ? ಅದರ ದಾಖಲೆ ಎಲ್ಲಿಯೂ ಇಲ್ಲ. 1788ರಲ್ಲಿ ಕೈದಿಗಳ ಹಡಗುಗಳು ಬಂದು ವಸಾಹತು ಬೇರೂರಿದ್ದು, ಈ ನೆಲ ಯಾರಿಗೂ ಸೇರಿರಲಿಲ್ಲವೆಂಬ ವಾದ ಕಾನೂನಿನಲ್ಲಿ ಕೂತದ್ದು, ಅದನ್ನು ಇಲ್ಲಿನ ಸರ್ವೋಚ್ಚ ನ್ಯಾಯಾಲಯವಾದ ಹೈಕೋರ್ಟು ಮಾಬೋ ಪ್ರಕರಣದಲ್ಲಿ 1992ರಲ್ಲಷ್ಟೇ ತಳ್ಳಿಹಾಕಿದ್ದು, ಇವೆಲ್ಲದರ ಮೂಲಕ್ಕೆ ಹೋದರೆ ಆ ಬಾವುಟ ಸಿಗುತ್ತದೆ. ವಿಚಿತ್ರವೆಂದರೆ ಅದೇ ಕುಕ್ ತನ್ನ ದಿನಚರಿಯಲ್ಲಿ, ಇಲ್ಲಿಯ ಜನ ನೋಟಕ್ಕೆ ಬಡವರಂತೆ ಕಂಡರೂ ಯುರೋಪಿನವರಾದ ನಮಗಿಂತ ಹೆಚ್ಚು ಸುಖಿಗಳೆಂಬ ಅರ್ಥದ ಮಾತನ್ನು ಬರೆದ. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆಯುವ ಕೈಯೇ ಬಾವುಟವನ್ನೂ ನೆಟ್ಟಿತು. ಸಿಡ್ನಿಯ ಹೈಡ್ ಪಾರ್ಕಿನಲ್ಲಿ 1879ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯ ಕೆಳಗೆ ‘ಈ ಪ್ರದೇಶವನ್ನು 1770ರಲ್ಲಿ ಕಂಡುಹಿಡಿದವನು’ ಎಂದೇ ಕೆತ್ತಿದ್ದಾರೆ. ಆದ್ದರಿಂದ ಮೇಷ್ಟ್ರೇ, ಚೀಟಿಯಲ್ಲಿ ತಪ್ಪು ಬರೆದವರು ನೀವೊಬ್ಬರೇ ಅಲ್ಲ.

ಆಕಾಶ ವೀಕ್ಷಕ, ಮೈಸೂರು

ಯಾನದ ಬಹಿರಂಗ ಉದ್ದೇಶವನ್ನು ಯಾರೂ ಹೇಳಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಎಂಡೆವರ್ ಹೊರಟದ್ದು ಶುಕ್ರ ಸಂಕ್ರಮಣವನ್ನು ನೋಡುವುದಕ್ಕೆ. 1769ರ ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಭೂಮಿಯ ದೂರದೂರದ ಸ್ಥಳಗಳಿಂದ ಗಮನಿಸಿ, ಒಳಸೇರುವ ಮತ್ತು ಹೊರಬೀಳುವ ಕ್ಷಣಗಳನ್ನು ಹೋಲಿಸಿದರೆ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದಿತ್ತು. ಕುಕ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಟಹೀಟಿಯ ಮತಾವೈ ಕೊಲ್ಲಿಯಲ್ಲಿ ಸಣ್ಣದೊಂದು ಕೋಟೆ ಕಟ್ಟಿ ದೂರದರ್ಶಕಗಳನ್ನು ನಿಲ್ಲಿಸಿದರು. ಆ ದಿನ ಮೋಡವಿರಲಿಲ್ಲ, ಬಿಸಿಲಿನ ಉಷ್ಣತೆ 119 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಆದರೂ ಶುಕ್ರನ ಕಪ್ಪು ಚುಕ್ಕೆ ಸೂರ್ಯನ ಅಂಚನ್ನು ಬಿಡುವಾಗ, ಜಾರುವ ಹನಿಯಂತೆ ಎಳೆದುಕೊಂಡು ಅಂಟಿಕೊಂಡಿತು. ಬಿಟ್ಟ ಕ್ಷಣ ಯಾವುದೆಂಬುದು ಒಬ್ಬೊಬ್ಬರಿಗೆ ಒಂದೊಂದಾಯಿತು. ಕುಕ್ ಇದನ್ನು ಮುಚ್ಚಿಡಲಿಲ್ಲ.

2004ರ ಜೂನ್ 8ರಂದು ನಮ್ಮ ಬಡಾವಣೆಯ ಮೈದಾನದಲ್ಲಿ ಹುಡುಗರಿಗೆ ವೆಲ್ಡಿಂಗ್ ಗಾಜಿನಿಂದ ಸಂಕ್ರಮಣವನ್ನು ತೋರಿಸಿದ್ದೆ. ಮೋಡ ಸರಿದಾಗಲೆಲ್ಲ ಎಳ್ಳುಕಾಳಿನಂಥ ಚುಕ್ಕೆ ಕಾಣುತ್ತಿತ್ತು. ಅಂಚಿನ ಕ್ಷಣವನ್ನು ಗುರುತಿಸಲು ಮೂವರು ಗಡಿಯಾರ ಹಿಡಿದು ಕೂತೆವು. ಮೂವರದೂ ಬೇರೆ ಬೇರೆ ಸಮಯ. ಅಂದು ನನಗೆ ಕುಕ್ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿತು. ಹಾಗೆ ನೋಡಿದರೆ ಫ್ರಾನ್ಸಿನ ಲ ಜೆಂತಿಲ್‌ನ ಪಾಡು ಇನ್ನೂ ಕಷ್ಟದ್ದು. 1761ರ ಸಂಕ್ರಮಣಕ್ಕೆಂದು ಪಾಂಡಿಚೇರಿಗೆ ಹೊರಟವನಿಗೆ ಊರು ಇಂಗ್ಲಿಷರ ಪಾಲಾದ ಸುದ್ದಿ ದಾರಿಯಲ್ಲೇ ಸಿಕ್ಕಿತು. ಎಂಟು ವರ್ಷ ಈ ಕಡೆಯ ಸಮುದ್ರಗಳಲ್ಲಿಯೇ ಕಾದು, 1769ರಲ್ಲಿ ಪಾಂಡಿಚೇರಿಯಲ್ಲಿ ಸಜ್ಜಾಗಿ ನಿಂತರೆ ಆ ಬೆಳಿಗ್ಗೆಯೇ ಮೋಡ ಕವಿಯಿತು. ಬೇರೆ ಬೇರೆ ಕಡೆಗಳ ಅಳತೆಗಳನ್ನು ಸೇರಿಸಿ ಆಕ್ಸ್‌ಫರ್ಡಿನ ಥಾಮಸ್ ಹಾರ್ನ್ಸ್‌ಬಿ 1771ರಲ್ಲಿ ಸೂರ್ಯನ ದೂರವನ್ನು ಸುಮಾರು 9.37 ಕೋಟಿ ಮೈಲಿ ಎಂದ. ಇಂದಿನ ಅಂಕಿ 9.3 ಕೋಟಿ ಮೈಲಿಗೆ ತುಸು ಕಡಿಮೆ. ಕಪ್ಪು ಹನಿಯ ತಾಪತ್ರಯದ ನಡುವೆಯೂ ಇದು ಕೆಟ್ಟ ಫಲಿತಾಂಶವಲ್ಲ.

ವೈದ್ಯೆ, ಧಾರವಾಡ

‘ಕುಕ್ ಸ್ಕರ್ವಿ ರೋಗವನ್ನು ಗೆದ್ದ’ ಎಂಬ ಮಾತೂ ಇನ್ನೇನು ಇಲ್ಲಿ ಬಂದೀತೆಂದು ಕಾಯುತ್ತಿದ್ದೆ. ಬರುವ ಮೊದಲೇ ಅದನ್ನು ಅರ್ಧ ತಡೆಯುತ್ತೇನೆ.

ತಿಂಗಳುಗಟ್ಟಲೆ ಉಪ್ಪುಮಾಂಸ, ಒಣ ಬಿಸ್ಕತ್ತುಗಳ ಮೇಲೆ ಬದುಕುವ ನಾವಿಕರಿಗೆ ಸಿ ಜೀವಸತ್ವದ ಕೊರತೆಯಿಂದ ಈ ರೋಗ ಬಂದು, ವಸಡು ಊದಿ ರಕ್ತ ಸೋರುತ್ತಿತ್ತು, ಹಳೆಯ ಗಾಯ ಮತ್ತೆ ಬಾಯ್ದೆರೆಯುತ್ತಿತ್ತು. 1740ರಲ್ಲಿ ಹೊರಟ ಇಂಗ್ಲಿಷ್ ನೌಕಾಧಿಕಾರಿ ಆನ್ಸನ್‌ನ ಯಾನದಲ್ಲಿ ಸುಮಾರು 1,900 ಜನರ ಪೈಕಿ 1,300ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ರೋಗದಿಂದ. 1747ರಲ್ಲಿ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಹಂಚಿ ಪರೀಕ್ಷಿಸಿ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡುದನ್ನು ಕಂಡಿದ್ದ. ಹೀಗಿರುವಾಗ ಕುಕ್ ಎರಡನೆಯ ಯಾನದಲ್ಲಿ, ಮೂರು ವರ್ಷಗಳಲ್ಲಿ, ತನ್ನ ಹಡಗಿನ ಒಬ್ಬನನ್ನೂ ಸ್ಕರ್ವಿಗೆ ಬಲಿಕೊಡದೆ ಮರಳಿದ್ದು ನಿಜವಾಗಿಯೂ ದೊಡ್ಡದು, 1776ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟದ್ದೂ ಇದಕ್ಕೇ.

ಅವನ ಜಾಣತನ ಔಷಧಕ್ಕಿಂತ ಹಟದಲ್ಲಿತ್ತು. ಹುಳಿ ಬರಿಸಿದ ಎಲೆಕೋಸನ್ನು ನಾವಿಕರು ಮುಟ್ಟದಿದ್ದಾಗ, ಅದನ್ನು ದಿನವೂ ಅಧಿಕಾರಿಗಳ ಮೇಜಿಗೆ ಬಡಿಸಿ, ಉಳಿದವರು ಬೇಕಾದರೆ ತಿನ್ನಲಿ, ಬೇಡವಾದರೆ ಬಿಡಲಿ ಎಂದ. ವಾರ ಕಳೆಯುವುದರೊಳಗೆ ಎಲ್ಲರೂ ಕೇಳಿ ತಿನ್ನತೊಡಗಿದರು. ಮಕ್ಕಳಿಗೆ ಹಾಗಲಕಾಯಿ ತಿನ್ನಿಸಿದ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲ್ಲದವರಿಗೆ ಇನ್ನೊಂದು ದಾರಿಯೂ ಇತ್ತು: ಮದೀರಾ ದ್ವೀಪದಲ್ಲಿ ತಾಜಾ ಮಾಂಸವನ್ನು ತಿನ್ನಲೊಲ್ಲದ ಇಬ್ಬರಿಗೆ ತಲಾ 12 ಚಾಟಿಯೇಟು ಹೊಡೆಸಿದ. ದಡ ಸಿಕ್ಕಲ್ಲೆಲ್ಲ ಕಾಡುಸೊಪ್ಪು ಕೊಯ್ಯಿಸಿದ, ಹಾಸಿಗೆ ಬಟ್ಟೆಗಳನ್ನು ಒಣಗಿಸಿದ, ಹಡಗಿನ ಒಳಗೆ ಬೆಂಕಿ ಉರಿಸಿ ತೇವ ತೆಗೆದ.

ಆದರೆ ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದರಿಂದ ಯಾವುದು ಫಲಿಸಿತೆಂಬುದು ಅವನಿಗೆ ತಿಳಿಯಲಿಲ್ಲ. ಅವನು ಹೊಗಳಿದ್ದು ಮೊಳಕೆ ಬಾರ್ಲಿಯ ಕಷಾಯವನ್ನು. ಅದರಲ್ಲಿ ಸಿ ಜೀವಸತ್ವ ಇಲ್ಲವೆಂದರೂ ನಡೆಯುತ್ತದೆ. ನಿಂಬೆರಸವನ್ನು ಕಾಯಿಸಿ ಗಟ್ಟಿ ಮಾಡಿ ಒಯ್ದಿದ್ದರು, ಕಾಯಿಸಿದಾಗಲೇ ಅದರ ಸತ್ವ ಹೋಗಿತ್ತು. ಅಷ್ಟು ದೊಡ್ಡ ಮನುಷ್ಯನ ಮಾತು ಕಷಾಯದ ಪರವಾಗಿದ್ದುದರಿಂದ ನಿಂಬೆರಸದ ಪಾಳಿ ಹಿಂದೆ ಬಿತ್ತು. ನೌಕಾಪಡೆ ಅದನ್ನು ಕಡ್ಡಾಯವಾಗಿ ಕೊಡತೊಡಗಿದ್ದು 1795ರಲ್ಲಿ. ಅಳತೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವನು ಔಷಧದ ವಿಷಯದಲ್ಲಿ ಲಿಂಡ್‌ನ ಹಾಗೆ ಒಂದೊಂದಾಗಿ ಪರೀಕ್ಷಿಸಲಿಲ್ಲ ಎಂಬುದು ನನ್ನ ಆಕ್ಷೇಪ.

ಇನ್ನೊಂದು ಮಾತು. ಸ್ಕರ್ವಿಯಿಂದ ಪಾರಾದ ಎಂಡೆವರ್ 1770ರ ಅಕ್ಟೋಬರಿನಲ್ಲಿ ದುರಸ್ತಿಗೆಂದು ಬಟೇವಿಯಾಕ್ಕೆ, ಇಂದಿನ ಜಕಾರ್ತಕ್ಕೆ, ಹೋಗಿ ನಿಂತಿತು. ಅಲ್ಲಿನ ನಾರುವ ಕಾಲುವೆಗಳ ನಡುವೆ ಮಲೇರಿಯಾ ಮತ್ತು ರಕ್ತಭೇದಿ ಹತ್ತಿಕೊಂಡು, ಬಂದರಿನಲ್ಲಿಯೂ ಮುಂದಿನ ದಾರಿಯಲ್ಲಿಯೂ ಸೇರಿ 30ರಷ್ಟು ಜನ ಸತ್ತರು. ಆಕಾಶ ವೀಕ್ಷಕರು ಹೇಳಿದ ಗ್ರೀನ್ ಅವರಲ್ಲೊಬ್ಬ, ಚಿತ್ರಕಾರ ಸಿಡ್ನಿ ಪಾರ್ಕಿನ್‌ಸನ್ ಇನ್ನೊಬ್ಬ.

ಇತಿಹಾಸದ ವಿದ್ಯಾರ್ಥಿನಿ

ಡಾಕ್ಟರ್ ಮೇಡಂ ಹೇಳಿದ ಬಟೇವಿಯಾದ ಸಾವುಗಳಲ್ಲಿ ಇನ್ನೊಂದು ಹೆಸರಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು: ತುಪಾಯಾ. ರೈಯಾಟಿಯಾ ದ್ವೀಪದ ಈ ಅರ್ಚಕ, ನಾವಿಕ ವಿದ್ವಾಂಸ ಟಹೀಟಿಯಲ್ಲಿ ಹಡಗನ್ನೇರಿದ. ಅವನನ್ನು ಕರೆದೊಯ್ಯಲು ಹಣ ಕೊಡಲೊಪ್ಪಿದ ಶ್ರೀಮಂತ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್, ನೆರೆಯವರು ಸಿಂಹ ಹುಲಿಗಳನ್ನು ಸಾಕುವಂತೆ ತಾನು ಇವನನ್ನು ಕುತೂಹಲಕ್ಕೆಂದು ಇಟ್ಟುಕೊಳ್ಳಬಾರದೇಕೆ ಎಂದು ತನ್ನ ದಿನಚರಿಯಲ್ಲಿ ಬರೆದುಕೊಂಡ. ಆ ‘ಕುತೂಹಲದ ವಸ್ತು’ವೇ ನ್ಯೂಜಿಲೆಂಡಿನಲ್ಲಿ ಎಲ್ಲರ ಜೀವ ಕಾದ. 1769ರ ಅಕ್ಟೋಬರಿನಲ್ಲಿ ಅಲ್ಲಿ ಇಳಿದ ಮೊದಲ ದಿನಗಳಲ್ಲಿಯೇ ಕುಕ್‌ನ ಜನ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳಲ್ಲಿ ಹಲವರನ್ನು ಕೊಂದಿದ್ದರು; ಟಹೀಟಿಯ ಮಾತು ಮಾವೋರಿಗಳಿಗೆ ಅರ್ಥವಾಗುತ್ತದೆಂದು ಗೊತ್ತಾದ ಮೇಲೆ ಮಾತುಕತೆಯ ದಾರಿ ತೆರೆಯಿತು. ತುಪಾಯಾನ ಮಾಹಿತಿಯಿಂದ ತಯಾರಾದ ನಕಾಶೆಯಲ್ಲಿ 70ಕ್ಕೂ ಹೆಚ್ಚು ದ್ವೀಪಗಳಿವೆ. ಹಡಗು ಎಷ್ಟು ಸುತ್ತಿ ಬಳಸಿ ಸಾಗಿದರೂ ಟಹೀಟಿ ಯಾವ ದಿಕ್ಕಿನಲ್ಲಿದೆಯೆಂದು ಅವನು ಕೈ ತೋರಿಸುತ್ತಿದ್ದನೆಂದು ಆಗಿನ ಬರಹಗಳು ಹೇಳುತ್ತವೆ.

ಮಾವೋರಿಯೊಬ್ಬ ಕಡಲೇಡಿಯನ್ನು ಕೊಟ್ಟು ಬ್ಯಾಂಕ್ಸ್‌ನಿಂದ ಬಟ್ಟೆಯ ತುಂಡನ್ನು ಪಡೆಯುತ್ತಿರುವ ಜಲವರ್ಣದ ಚಿತ್ರವೊಂದಿದೆ. ಒಬ್ಬರೂ ಕೈಯಲ್ಲಿರುವುದನ್ನು ಮೊದಲು ಬಿಡಲು ಸಿದ್ಧರಿಲ್ಲ. ನಮ್ಮ ಸಂತೆಯ ಮೀನಿನ ಸಾಲಿನಲ್ಲಿ ಕಾಣುವ ನೋಟವೇ. ಬಹುಕಾಲ ಇದನ್ನು ಯುರೋಪಿನ ಯಾರೋ ಬರೆದದ್ದೆಂದು ತಿಳಿದಿದ್ದರು. ಬ್ಯಾಂಕ್ಸ್‌ನ ಪತ್ರವೊಂದು 1997ರಲ್ಲಿ ಗಮನಕ್ಕೆ ಬಂದಾಗ, ಬರೆದವನು ತುಪಾಯಾ ಎಂದು ತಿಳಿಯಿತು. 1773ರಲ್ಲಿ ಕುಕ್ ಮತ್ತೆ ನ್ಯೂಜಿಲೆಂಡಿಗೆ ಹೋದಾಗ ಮಾವೋರಿಗಳು ಮೊದಲು ವಿಚಾರಿಸಿದ್ದು ತುಪಾಯಾನನ್ನು. ನಾವು ಕುಕ್‌ನ ಹಡಗು ಎನ್ನುವುದು ಅವರಿಗೆ ತುಪಾಯಾನ ಹಡಗಾಗಿತ್ತು. ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಪೆಸಿಫಿಕ್‌ನ ಟಹೀಟಿ, ನ್ಯೂಜಿಲೆಂಡ್, ಹವಾಯಿಯಂಥ ದ್ವೀಪಗಳನ್ನು ಕಂಡುಹಿಡಿದು ನೆಲೆಸಿದವರು ತುಪಾಯಾನ ಜನರಾದ ಪಾಲಿನೇಷಿಯನ್ನರು, ಕುಕ್ ಅವುಗಳನ್ನು ಕಾಗದಕ್ಕೆ ಇಳಿಸಿದ.

ನಿವೃತ್ತ ನಾವಿಕ, ಮಂಗಳೂರು

ತಂಗಿ, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ‘ಕಾಗದಕ್ಕೆ ಇಳಿಸಿದ’ ಎಂಬುದನ್ನು ಅಷ್ಟು ಹಗುರವಾಗಿ ಹೇಳಿದ್ದೊಂದನ್ನು ಬಿಟ್ಟು. ನ್ಯೂಜಿಲೆಂಡಿನ 2,400 ಮೈಲಿ ದಂಡೆಯನ್ನು ಆರು ತಿಂಗಳಿನಲ್ಲಿ, ಗಡಿಯಾರವಿಲ್ಲದೆ, ಚಂದ್ರನಿಗೂ ನಕ್ಷತ್ರಕ್ಕೂ ಇರುವ ಕೋನವನ್ನು ಅಳೆದು ರೇಖಾಂಶ ಲೆಕ್ಕ ಹಾಕುತ್ತ ಬರೆದವನು ಅವನು. ಕೆಲವು ಕಡೆ ತಪ್ಪಿದ, ಪರ್ಯಾಯ ದ್ವೀಪವೊಂದನ್ನು ದ್ವೀಪವೆಂದೂ ದ್ವೀಪವೊಂದನ್ನು ಪರ್ಯಾಯ ದ್ವೀಪವೆಂದೂ ತೋರಿಸಿದ. ಒಟ್ಟಾರೆ ಆಕಾರವನ್ನು ಇಂದಿನ ನಕಾಶೆಯ ಮೇಲಿಟ್ಟು ನೋಡಿದರೆ ಬೆರಗಾಗುತ್ತದೆ.

ಆದರೆ ಮೇಷ್ಟ್ರಿಗೆ ನಿಜವಾದ ಉತ್ತರವಿರುವುದು ಎರಡನೆಯ ಯಾನದಲ್ಲಿ, ಅದನ್ನು ಇಲ್ಲಿ ಯಾರೂ ಮುಟ್ಟಲಿಲ್ಲ. ದಕ್ಷಿಣದಲ್ಲಿ ಏಷ್ಯಾದಷ್ಟು ದೊಡ್ಡದಾದ, ಫಲವತ್ತಾದ ಖಂಡವೊಂದು ಇರಲೇಬೇಕೆಂದು ಯುರೋಪು ಶತಮಾನಗಳಿಂದ ನಂಬಿತ್ತು. ನಮ್ಮ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಅಲೆಕ್ಸಾಂಡರ್ ಡಾಲ್‌ರಿಂಪಲ್ ಅಲ್ಲಿ 5 ಕೋಟಿಗೂ ಹೆಚ್ಚು ಜನ ಇರಬಹುದೆಂದು ಅಚ್ಚು ಹಾಕಿಸಿದ್ದ. ಎಂಡೆವರ್‌ನ ನಾಯಕತ್ವ ತನಗೇ ಸಿಗಬೇಕೆಂದು ಹಟ ಹಿಡಿದು ಕಳೆದುಕೊಂಡವನೂ ಅವನೇ. 1772ರ ಜುಲೈನಲ್ಲಿ ರೆಸಲ್ಯೂಷನ್, ಅಡ್ವೆಂಚರ್ ಎಂಬ ಎರಡು ಹಡಗುಗಳೊಡನೆ ಕುಕ್ ಹೊರಟ. ಈ ಸಲ ಲಾರ್ಕಮ್ ಕೆಂಡಾಲ್, ಕಡಲಿನಲ್ಲಿ ರೇಖಾಂಶ ತಿಳಿಯಲೆಂದು ಜಾನ್ ಹ್ಯಾರಿಸನ್ ಮಾಡಿದ್ದ ಗಡಿಯಾರದ ಪ್ರತಿಯಾಗಿ ಮಾಡಿದ್ದ ಗಡಿಯಾರವೊಂದು ಜೊತೆಗಿತ್ತು. ಮೊದಲು ಅನುಮಾನದಿಂದ ನೋಡುತ್ತಿದ್ದ ಕುಕ್ ಕೊನೆಗೆ ಅದನ್ನು ಎಂದೂ ಕೈಬಿಡದ ಮಾರ್ಗದರ್ಶಿ ಎಂದ. 1773ರ ಜನವರಿ 17ರಂದು ಅವನ ಹಡಗುಗಳು ದಕ್ಷಿಣ ಧ್ರುವವೃತ್ತವನ್ನು ದಾಟಿದವು. ಅದಕ್ಕೆ ಮೊದಲು ಯಾರೂ ದಾಟಿದ ದಾಖಲೆಯಿಲ್ಲ. ಹಗ್ಗಗಳು ಮಂಜುಗಟ್ಟಿ ಸರಳುಗಳಾದವು, ಹಾಯಿಗಳು ತಗಡಿನಂತಾದವು, ಕುಡಿಯುವ ನೀರಿಗೆ ತೇಲುವ ಹಿಮದ ಗಡ್ಡೆಗಳನ್ನು ಒಡೆದು ಕರಗಿಸಿದರು. 1774ರ ಜನವರಿ 30ರಂದು 71 ಡಿಗ್ರಿ 10 ಮಿನಿಟು ದಕ್ಷಿಣ ಅಕ್ಷಾಂಶದಲ್ಲಿ ಹಿಮದ ಗೋಡೆ ಅಡ್ಡ ಬಂತು. ತನಗಿಂತ ಮೊದಲು ಹೋದ ಎಲ್ಲರಿಗಿಂತ ದೂರ ಮಾತ್ರವಲ್ಲ, ಮನುಷ್ಯನಿಗೆ ಹೋಗಲು ಸಾಧ್ಯವಾದಷ್ಟು ದೂರ ಹೋಗುವ ಹಂಬಲ ತನ್ನದೆಂದು ಅಂದು ಬರೆದವನು, ಅದೇ ವಾಕ್ಯದಲ್ಲಿ, ಈ ಅಡ್ಡಿ ಬಂದದ್ದಕ್ಕೆ ತನಗೆ ಬೇಸರವಿಲ್ಲವೆಂದೂ ಬರೆದ. ಬೇಸಗೆಯಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉಷ್ಣವಲಯದ ದ್ವೀಪಗಳಿಗೆ, ಹೀಗೆ ಮೂರು ವರ್ಷ ಬಾಚಣಿಗೆಯಿಂದ ತಲೆ ಬಾಚಿದಂತೆ ಆ ಸಾಗರವನ್ನು ಬಾಚಿ, ಆ ಖಂಡ ಅಲ್ಲಿಲ್ಲವೆಂದು ತೋರಿಸಿ 1775ರಲ್ಲಿ ಮರಳಿದ. ನಾಡನ್ನು ಕಂಡವರಿಗೆ ಪ್ರತಿಮೆ ನಿಲ್ಲಿಸುತ್ತಾರೆ. ಈ ಮನುಷ್ಯ ನಕಾಶೆಯಿಂದ ಒಂದು ನಾಡನ್ನು ಅಳಿಸಿದ.

ಇತಿಹಾಸದ ವಿದ್ಯಾರ್ಥಿನಿ

‘ಹಗುರವಾಗಿ’ ಬರೆದದ್ದಕ್ಕೆ ಕ್ಷಮೆಯಿರಲಿ ಸರ್. ಆದರೆ ಇದೇ ಕುಕ್ ಮೂರನೆಯ ಯಾನದಲ್ಲಿ ಏಕೆ ಹಾಗಾದ? 1777ರ ಅಕ್ಟೋಬರಿನಲ್ಲಿ ಟಹೀಟಿಯ ಪಕ್ಕದ ಮೂರಿಯಾ ದ್ವೀಪದಲ್ಲಿ ಒಂದು ಆಡು ಕಳುವಾದದ್ದಕ್ಕೆ ಎರಡು ದಿನ ಮನೆಗಳನ್ನೂ ದೋಣಿಗಳನ್ನೂ ಸುಡಿಸಿದ. ಕಳ್ಳರ ಕಿವಿ ಕೊಯ್ಯಿಸಿದ. ತನ್ನ ನಾವಿಕರಿಗೂ ಹಿಂದೆಂದಿಗಿಂತ ಹೆಚ್ಚು ಚಾಟಿಯೇಟು. ಹಳೆಯ ಕರುಳಿನ ಕಾಯಿಲೆ ಕಾರಣವೆನ್ನುವವರಿದ್ದಾರೆ, ದಣಿವು ಎನ್ನುವವರಿದ್ದಾರೆ.

ಹವಾಯಿಯ ಸಾವಿನ ಬಗ್ಗೆ ನಡೆದ ದೊಡ್ಡ ವಾದವನ್ನೂ ಇಲ್ಲಿ ದಾಖಲಿಸಬೇಕು. 1779ರ ಜನವರಿಯಲ್ಲಿ ಕೆಯಾಲಕೆಕುವಾ ಕೊಲ್ಲಿಗೆ ಬಂದ ಕುಕ್‌ನನ್ನು ಹವಾಯಿಯನ್ನರು ಸುಗ್ಗಿಯ ದೇವರಾದ ಲೋನೋ ಎಂದು ಬಗೆದರು, ಹಬ್ಬದ ಕಾಲ ಮುಗಿದ ಮೇಲೆ ಅವನು ಅಕಾಲದಲ್ಲಿ ಮರಳಿ ಬಂದದ್ದೇ ಸಾವಿಗೆ ಕಾರಣವಾಯಿತು ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ವಾದಿಸಿದರು. ಶ್ರೀಲಂಕಾದ ಗಣನಾಥ ಒಬೇಸೇಕರ 1992ರಲ್ಲಿ ಇದನ್ನು ಖಂಡಿಸಿ, ಬಿಳಿಯನನ್ನು ದೇವರೆಂದು ಭ್ರಮಿಸಿದರೆಂಬುದು ಯುರೋಪು ತನಗಾಗಿ ಕಟ್ಟಿಕೊಂಡ ಪುರಾಣವೆಂದರು. ದಕ್ಷಿಣ ಏಷ್ಯಾದ ಹಳ್ಳಿಯವರು ಯಾವ ಹೊರಗಿನವನನ್ನೂ ಹಾಗೆ ದೇವರೆಂದು ನಂಬಿದ್ದು ತಮಗೆ ತಿಳಿಯದೆಂಬ ಅವರ ಅನುಮಾನ ನನಗೆ ಬಹಳ ಹತ್ತಿರದ್ದೆನಿಸುತ್ತದೆ. ಆದರೂ ಹವಾಯಿಯ ಆಚರಣೆಗಳ ವಿವರದಲ್ಲಿ ಸಾಲಿನ್ಸ್ ಕೈ ಮೇಲಾಗಿದೆಯೆಂದು ಒಪ್ಪಲೇಬೇಕು.

ನಿವೃತ್ತ ನಾವಿಕ, ಮಂಗಳೂರು

ದೇವರ ವಿಷಯ ನನಗೆ ತಿಳಿಯದು. ಅಕಾಲದಲ್ಲಿ ಅವನು ಮರಳಿದ್ದೇಕೆಂಬುದು ಮಾತ್ರ ಗೊತ್ತು: ರೆಸಲ್ಯೂಷನ್‌ನ ಮುಂದಿನ ಕೂವೆಕಂಬ ಬಿರುಗಾಳಿಗೆ ಸೀಳಿತ್ತು. ಮೂರನೆಯ ಯಾನಕ್ಕೆ ಮೊದಲು ಹಡಗುಕಟ್ಟೆಯಲ್ಲಿ ಆ ಹಡಗನ್ನು ಸರಿಯಾಗಿ ದುರಸ್ತಿ ಮಾಡಿರಲಿಲ್ಲ, ದಾರಿಯುದ್ದಕ್ಕೂ ಸೋರುತ್ತಲೇ ಇತ್ತು. ಫೆಬ್ರವರಿ 4ರಂದು ಹೊರಟವರು 11ರಂದು ಕಂಬವನ್ನು ಸರಿಪಡಿಸಲು ಮರಳಿದರು. 13ರ ರಾತ್ರಿ ದೊಡ್ಡ ದೋಣಿಯೊಂದು ಕಳುವಾಯಿತು. 14ರ ಬೆಳಿಗ್ಗೆ ಕುಕ್ ಒಂಬತ್ತು ಸೈನಿಕರನ್ನೂ ಅವರ ಅಧಿಕಾರಿಯನ್ನೂ ಕರೆದುಕೊಂಡು ದಡಕ್ಕಿಳಿದ. ದೋಣಿ ಮರಳುವವರೆಗೆ ವೃದ್ಧ ಅರಸ ಕಲನಿಯೋಪುವನ್ನು ಹಡಗಿನಲ್ಲಿ ಒತ್ತೆ ಇಟ್ಟುಕೊಳ್ಳುವ ಯೋಚನೆ. ಅರಸ ಮೊದಲು ಜೊತೆಗೆ ನಡೆದೂ ಬಂದ. ನೀರಿನ ಅಂಚಿನಲ್ಲಿ ಅವನ ಮಡದಿ ಅತ್ತು ತಡೆದಳು, ನಾಯಕರು ಅವನನ್ನು ನೆಲದ ಮೇಲೆ ಕೂರಿಸಿದರು. ಅಷ್ಟರಲ್ಲಿ ಕೊಲ್ಲಿಯ ಆಚೆ ಕಡೆ ಒಬ್ಬ ನಾಯಕನನ್ನು ಬಿಳಿಯರು ಗುಂಡಿಕ್ಕಿ ಕೊಂದ ಸುದ್ದಿ ಬಂತು. ಗುಂಪು ಕೆರಳಿತು, ಕುಕ್ ಗುಂಡು ಹಾರಿಸಿದ, ದೋಣಿಯವರತ್ತ ತಿರುಗಿದಾಗ ಹಿಂದಿನಿಂದ ಏಟು ಬಿತ್ತು. ಅವನೊಡನೆ ನಾಲ್ವರು ಸೈನಿಕರೂ ಹಲವು ಹವಾಯಿಯನ್ನರೂ ಸತ್ತರು.

ಹವಾಯಿಯನ್ನರು ಶವವನ್ನು ತಮ್ಮ ದೊಡ್ಡ ನಾಯಕರಿಗೆ ಮಾಡುವಂತೆ ಮಾಂಸದಿಂದ ಬಿಡಿಸಿ ಎಲುಬುಗಳನ್ನು ಹಂಚಿಕೊಂಡಿದ್ದರು. ಕೆಲವು ದಿನಗಳ ಮೇಲೆ ಬಟ್ಟೆಯಲ್ಲಿ ಸುತ್ತಿ ಹಡಗಿಗೆ ತಂದುಕೊಟ್ಟ ಅವಶೇಷಗಳು ಅವನವೇ ಎಂದು ಗುರುತಾದದ್ದು ಒಂದು ಕೈಯಿಂದ: ಹೆಬ್ಬೆರಳಿನ ಬಳಿ ಹಳೆಯ ಗಾಯದ ಕಲೆ, ನ್ಯೂಫೌಂಡ್‌ಲ್ಯಾಂಡಿನಲ್ಲಿ ಮದ್ದಿನ ಕೊಂಬು ಸಿಡಿದದ್ದು. ನಕಾಶೆ ಬರೆದ ಕೈ. ಅದನ್ನು ಕೊಲ್ಲಿಯ ನೀರಿಗೇ ಒಪ್ಪಿಸಿದರು.

ವೈದ್ಯೆ, ಧಾರವಾಡ

ಸುದ್ದಿ ಸೈಬೀರಿಯಾದ ನೆಲದ ದಾರಿಯಲ್ಲಿ ಲಂಡನ್ ಮುಟ್ಟಿದ್ದು 1780ರ ಜನವರಿಯಲ್ಲಿ, ಹನ್ನೊಂದು ತಿಂಗಳು ತಡವಾಗಿ. ಅಷ್ಟೂ ಕಾಲ ಎಲಿಜಬೆತ್ ಕುಕ್ ತಾನು ವಿಧವೆಯೆಂದು ತಿಳಿಯದೆ ಬದುಕಿದಳು. ಹದಿನಾರು ವರ್ಷಗಳ ದಾಂಪತ್ಯದಲ್ಲಿ ಗಂಡ ಮನೆಯಲ್ಲಿದ್ದದ್ದು ಎಲ್ಲ ಸೇರಿ ನಾಲ್ಕು ವರ್ಷ ಚಿಲ್ಲರೆ. ಆರು ಮಕ್ಕಳಲ್ಲಿ ಮೂವರು ತೀರಾ ಚಿಕ್ಕಂದಿನಲ್ಲಿಯೇ, ಉಳಿದ ಮೂವರು 1794ರೊಳಗೆ ತೀರಿಕೊಂಡರು, ಅವರಲ್ಲಿ ಇಬ್ಬರನ್ನು ಕಡಲೇ ತೆಗೆದುಕೊಂಡಿತು. ಆಕೆ 1835ರವರೆಗೆ, 93 ವರ್ಷ, ಬದುಕಿದಳು. ಗಂಡ ಬರೆದ ಪತ್ರಗಳನ್ನು ಸಾಯುವ ಮೊದಲು ಸುಟ್ಟಳು. ಹೀಗಾಗಿ ನಮಗೆ ಸಿಗುವುದು ನೌಕಾಖಾತೆಗೆಂದು ಬರೆದ ಕುಕ್ ಮಾತ್ರ.

ಶಾಲಾ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಆ ಹುಡುಗನ ಶಾಲೆಗೆ ಹೋಗಿ, ಅವನ ತರಗತಿಯೆದುರು ತಪ್ಪು ನನ್ನದೆಂದು ಹೇಳಿ, ಅವನಿಗೊಂದು ಅಟ್ಲಾಸ್ ಕೊಟ್ಟು ಬಂದೆ. ಮುಂದಿನ ವರ್ಷದ ಚೀಟಿಯನ್ನು ಈಗಲೇ ಬರೆದಿದ್ದೇನೆ, ನೋಡಿ ಹೇಳಿ: ‘ಪ್ರಶ್ನೆ: 1772ರಿಂದ 1775ರವರೆಗಿನ ಯಾನದಲ್ಲಿ, ದಕ್ಷಿಣದಲ್ಲಿ ಖಂಡವಿಲ್ಲವೆಂದು ತೋರಿಸಿದ ನಾವಿಕ ಯಾರು?’

ನಿವೃತ್ತ ನಾವಿಕ, ಮಂಗಳೂರು

ಮೇಷ್ಟ್ರೇ, ಮತ್ತೊಮ್ಮೆ ಅದೇ ಹುಡುಗ ಎದುರಿಗೆ ಕೂತರೆ ಸಿಕ್ಕಿಬೀಳುತ್ತೀರಿ. ಖಂಡವೇ ಇಲ್ಲವೆಂದು ಕುಕ್ ಹೇಳಲಿಲ್ಲ. ಅಷ್ಟೊಂದು ಹಿಮ ಎಲ್ಲಿಂದಲೋ ಬರಬೇಕಲ್ಲ, ಧ್ರುವದ ಹತ್ತಿರ ನೆಲವಿರಬೇಕೆಂದೇ ಅವನು ನಂಬಿದ್ದ, ಹಾಗೆಯೇ ಬರೆದೂ ಇಟ್ಟ. ಅಂಟಾರ್ಕ್ಟಿಕಾ ಕಣ್ಣಿಗೆ ಬಿದ್ದದ್ದು 1820ರಲ್ಲಿ. ‘ಜನ ಬಾಳಬಹುದಾದ ಖಂಡ’ ಎಂದು ತಿದ್ದಿಕೊಳ್ಳಿ.

ಶಾಲಾ ಶಿಕ್ಷಕ

ತಿದ್ದಿಕೊಂಡೆ ಸರ್.